ವಕೀಲರ ಗಾಡಿಯ ಎಡಗಡೆಯ ತಗ್ಗು

ಯಾದಗಿರಿಯ ಹಳೆಯ ಗ್ಯಾರೇಜುಗಳಲ್ಲಿ ಈಗಲೂ ಒಂದು ಮಾತು ಓಡಾಡುತ್ತದೆ. ಮೌಲಾಸಾಬ ಉಸ್ತಾದರ ಕೈ ಜೀವಮಾನದಲ್ಲಿ ಒಂದೇ ಒಂದು ಸಲ ತಪ್ಪಿತು, ಅದೂ ಶಹಾಪುರದ ವಕೀಲರ ಗಾಡಿಯಲ್ಲಿ, ಅಂತ. ಹೇಳುವವರು ಗೌರವ ಇಟ್ಟುಕೊಂಡೇ ಹೇಳುತ್ತಾರೆ, ಆದರೆ ಹೇಳಿ ಮುಗಿಸಿ ನಗುತ್ತಾರೆ. ಅದು ಸುಳ್ಳು. ಆ ಗಾಡಿಯಲ್ಲಿ ತಪ್ಪಿದ ಕೈ ನನ್ನದು. ನಲವತ್ತು ವರ್ಷ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಚಹಾ ಕುಡಿಯುತ್ತ ಸುಮ್ಮನೆ ಕೂತಿದ್ದೇನೆ. ನಾಳೆ ಅವರು ಸತ್ತ ಮೇಲೂ ಈ ಮಾತು ಅವರ ಹೆಸರಿಗೇ ಅಂಟಿಕೊಂಡಿರುತ್ತದಲ್ಲ ಎಂಬ ಸಂಕಟ ಇತ್ತೀಚೆಗೆ ಹೆಚ್ಚಾಗಿತ್ತು.

ನಾನು ಭೀಮರಾಯ, ಕೊಂಕಲ್‌ನವನು. ಗಾಡಿಗಳ ಡೆಂಟು ತೆಗೆದು ಬಣ್ಣ ಹೊಡೆಯುವುದೇ ನನ್ನ ಕಸುಬು. ಹನ್ನೆರಡು ವರ್ಷ ಯಾದಗಿರಿಯಲ್ಲಿ ಉಸ್ತಾದರ ಕೈಕೆಳಗೆ, ಐದಾರು ವರ್ಷ ಶಹಾಪುರದಲ್ಲಿ, ಉಳಿದದ್ದೆಲ್ಲ ಸುರಪುರದ ಪಕ್ಕದ ರಂಗಂಪೇಟೆಯಲ್ಲಿ ನನ್ನದೇ ಶೆಡ್ಡಿನಲ್ಲಿ. ತರಬೇತಿ ಶಾಲೆಯ ಮೇಷ್ಟ್ರೊಬ್ಬರು ಹೊಸದಾಗಿ ಈ ಕೆಲಸಕ್ಕೆ ಬರುವ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದರು. ಎದ್ದು ನಿಂತರೆ ನನಗೆ ಮಾತೇ ಹೊರಡುವುದಿಲ್ಲ, ಬರೆದುಕೊಡುತ್ತೇನೆ ಎಂದು ತಪ್ಪಿಸಿಕೊಂಡು ಬಂದೆ. ಈಗ ಬರೆಯದೆ ವಿಧಿಯಿಲ್ಲ.

ಮೊದಲು ಕೆಲಸ ಎಂಥದ್ದು ಎಂದು ಹೇಳಿಬಿಡುತ್ತೇನೆ. ಇದು ಮಾಡಿದ್ದು ಕಾಣಬಾರದ ಕೆಲಸ. ಬಡಗಿ ಬಾಗಿಲು ಮಾಡಿದರೆ ಬಾಗಿಲು ಕಾಣುತ್ತದೆ. ನೀವು ಎಂಟು ದಿನ ಬಡಿದು, ಉಜ್ಜಿ, ಬಣ್ಣ ಹೊಡೆದ ಮೇಲೆ ಗಿರಾಕಿ ಬಂದು ಎಲ್ಲಿ ಪೆಟ್ಟಾಗಿತ್ತು ಎಂದು ಹುಡುಕಬೇಕು, ಸಿಗಬಾರದು. ಹೊಗಳಿಸಿಕೊಳ್ಳುವ ಆಸೆ ಇದ್ದರೆ ಬೇರೆ ಕಸುಬು ನೋಡಿಕೊಳ್ಳಿ. ನನಗೆ ಆ ಆಸೆ ಬಹಳ ಇತ್ತು, ಅದರಿಂದಲೇ ಕೆಟ್ಟೆ.

ಉಸ್ತಾದರ ಹತ್ತಿರ ಸೇರಿದಾಗ ನನಗೆ ಹತ್ತೊಂಬತ್ತು. ಮೊದಲ ವರ್ಷವಿಡೀ ಪಾಲಿಶ್ ಪೇಪರನ್ನು ನೀರಲ್ಲಿ ಅದ್ದಿ ಉಜ್ಜಿದ್ದೇ ಉಜ್ಜಿದ್ದು. ಬೆರಳಿನ ತುದಿ ಎಷ್ಟು ಸವೆಯಿತು ಎಂದರೆ ಬಿಸಿ ರೊಟ್ಟಿ ಮುಟ್ಟಲು ಆಗುತ್ತಿರಲಿಲ್ಲ, ನಮ್ಮವ್ವ ಆರಿಸಿ ಕೊಡುತ್ತಿದ್ದಳು. ಉಸ್ತಾದರು ಕೆಲಸ ನೋಡುತ್ತಿದ್ದದ್ದು ಕಣ್ಣಿನಿಂದಲ್ಲ. ಹೆಗಲ ಮೇಲಿನ ತೆಳ್ಳನೆಯ ದಸ್ತಿಯನ್ನು ಅಂಗೈ ಮೇಲೆ ಹಾಸಿಕೊಂಡು, ಕಣ್ಣು ಮುಚ್ಚಿ, ತಗಡಿನ ಮೇಲೆ ಉದ್ದಕ್ಕೆ ಒಮ್ಮೆ ಸವರುತ್ತಿದ್ದರು. ಬಟ್ಟೆ ನಡುವೆ ಇದ್ದರೆ ಅಂಗೈ ಜಾರುತ್ತದೆ, ಜಾರುವ ಕೈಗೆ ಕೂದಲಿನಷ್ಟು ಏರಿಳಿತವೂ ಸಿಗುತ್ತದೆ. ನಂಬಿಕೆ ಬಾರದಿದ್ದರೆ ನಾಳೆ ನೀವೇ ಮಾಡಿ ನೋಡಿ.

“ಕಣ್ಣು ಮುಚ್ಚೋ ಭೀಮ್ಯಾ,” ಎನ್ನುತ್ತಿದ್ದರು. “ಬಣ್ಣ ನೋಡಿ ಕಣ್ಣು ಮರುಳಾಗ್ತದ. ಕೈಗೆ ಬಣ್ಣ ಗೊತ್ತಾಗಂಗಿಲ್ಲ.”

ಕೆಲಸ ಸರಿಯಾಗದಿದ್ದರೆ ಅವರು ಬೈಯುತ್ತಿರಲಿಲ್ಲ. ಸೀಮೆಸುಣ್ಣದಿಂದ ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಸರಿಯಾಗಿದ್ದರೆ ಶಹಬ್ಬಾಸ್ ಎಂದೂ ಅನ್ನುತ್ತಿರಲಿಲ್ಲ. ಅದೇ ದಸ್ತಿಯನ್ನು ಝಾಡಿಸಿ ಗಾಡಿಯನ್ನು ಒಮ್ಮೆ ಒರೆಸುತ್ತಿದ್ದರು. ಉಸ್ತಾದರು ಒರೆಸಿದ ಗಾಡಿಗೆ ಆಮೇಲೆ ಯಾರೂ ಕೈ ಹಚ್ಚಬಾರದು, ಗ್ಯಾರೇಜಿನ ಮಾಲೀಕರೂ ಸಹ. ನಮ್ಮಲ್ಲಿದ್ದ ಕಾನೂನು ಅದೊಂದೇ.

ಮಾಲೀಕರ ವಿಷಯಕ್ಕೆ ಬಂದರೆ, ಅವರಿಗೆ ಹೊಳಪೊಂದು ಬೇಕು. ಗಾಡಿಯಲ್ಲಿ ಮುಖ ಕಂಡರೆ ಸಾಕು, ಮುಖ ಸೊಟ್ಟಗೆ ಕಂಡರೂ ನಡೆಯುತ್ತಿತ್ತು. ಒಮ್ಮೆ ಮದುವೆಗೆ ಬೇಕು ಎಂದು ಒಂದು ಬಿಳಿ ಜೀಪು ಅವಸರದಲ್ಲಿ ಬಂತು. ಉಸ್ತಾದರು ಇವತ್ತು ಬೇಡ, ಹತ್ತಿ ಮಿಲ್ಲು ಚಾಲೂ ಇದೆ, ಗಾಳಿ ಈ ಕಡೆಗೇ ಬೀಸುತ್ತಿದೆ ಎಂದರು. ಮಾಲೀಕರು ನನ್ನನ್ನು ಕಣ್ಣಲ್ಲೇ ಕರೆದರು. ನಾನು ಮಧ್ಯಾಹ್ನ ಬಣ್ಣದ ಗನ್ ಹಿಡಿದು ಹೊಡೆದೇಬಿಟ್ಟೆ. ಬಣ್ಣ ಇನ್ನೂ ಹಸಿ ಇರುವಾಗ ಮಿಲ್ಲಿನಿಂದ ಹತ್ತಿಯ ನವಿರು ತೇಲಿ ಬಂದು ಕೂತಿತು. ಸಂಜೆ ಹೊತ್ತಿಗೆ ಜೀಪಿಗೆ ಗಡ್ಡ ಬಂದಿತ್ತು. ಮದುಮಗನ ಕಾಕಾ ಬಂದು ನೋಡಿ, ನಾವು ಕೊಟ್ಟಿದ್ದು ಜೀಪು, ನೀವು ಕೊಡುತ್ತಿರುವುದು ಕುರಿ ಎಂದು ಹೇಳಿ ಎತ್ತಿನ ಗಾಡಿ ಗೊತ್ತು ಮಾಡಲು ಹೋದರು. ಮರುದಿನದಿಂದ ಮೂರು ದಿನ ಆ ಜೀಪನ್ನು ಉಜ್ಜಿದ್ದು ನಾನೊಬ್ಬನೇ.

ಇನ್ನು ವಕೀಲರ ಗಾಡಿ. ಅದು ವಿಲಾಯತಿಯ ಎರಡೇ ಸೀಟಿನ, ಮೇಲೆ ಮುಚ್ಚಳವಿಲ್ಲದ, ನೆಲಕ್ಕೆ ಅಂಟಿಕೊಂಡಂತೆ ಓಡುವ ಹಳೆಯ ಸ್ಪೋರ್ಟ್ಸ್ ಕಾರು. ವಕೀಲ ಸಾಹೇಬರು ಹೈದರಾಬಾದಿನಲ್ಲಿ ಯಾರೋ ನವಾಬರ ಕಡೆಯವರಿಂದ ಕೊಂಡು ತಂದಿದ್ದರು. ರವಿವಾರ ಬೆಳಿಗ್ಗೆ ಶಹಾಪುರದಿಂದ ಯಾದಗಿರಿಗೆ ಅವರು ಅದರಲ್ಲಿ ಬಂದರೆ ದಾರಿಯ ಊರುಗಳಲ್ಲಿ ಜನ ಮನೆಯಿಂದ ಹೊರಗೆ ಬಂದು ನಿಲ್ಲುತ್ತಿದ್ದರು. ಒಂದು ತಿರುವಿನಲ್ಲಿ ಬೇವಿನ ಮರಕ್ಕೆ ತಾಗಿ ಬಲಗಡೆ ಪೂರ್ತಿ ನುಜ್ಜಾಯಿತು. ಗಾಡಿ ನಮ್ಮಲ್ಲಿಗೆ ಬಂತು. ಉಸ್ತಾದರು ಅದರ ಸುತ್ತ ಎರಡು ಸಲ ತಿರುಗಿ, ನನಗೆ ಎಡಗಡೆ ಬರೀ ಉಜ್ಜು, ಬಲಗಡೆ ನಾನು ಬಂದು ನೋಡುತ್ತೇನೆ ಎಂದು ಹೇಳಿ ಬಣ್ಣ ತರಲು ಹೈದರಾಬಾದಿಗೆ ಹೋದರು. ಅಲ್ಲಿ ಜ್ವರ ಹಿಡಿದು ಎಂಟು ದಿನ ಉಳಿದರು.

ಎಡಗಡೆ ಉಜ್ಜುತ್ತಿದ್ದಾಗ ನನಗೆ ಒಂದು ತಗ್ಗು ಕಂಡಿತು. ಮುಂದಿನ ಗಾಲಿಯ ಹಿಂದಿನಿಂದ ಶುರುವಾಗಿ ಬಾಗಿಲಿನ ಅರ್ಧದವರೆಗೆ, ಮೊಳದುದ್ದಕ್ಕೂ ಒಳಗೆ ಹೋಗಿತ್ತು. ಮರ ತಾಗಿದ್ದು ಬಲಗಡೆ, ಎಡಗಡೆ ಹೇಗೆ ಒಳಗೆ ಹೋಯಿತು ಎಂದು ಯೋಚಿಸಿದೆ. ಹಳೆಯ ಪೆಟ್ಟು ಇರಬೇಕು, ಉಸ್ತಾದರು ಗಮನಿಸಿಲ್ಲ ಎಂದುಕೊಂಡೆ. ಡೆಂಟಿನವನ ಕಣ್ಣಿಗೆ ತಗ್ಗು ಎಂದರೆ ಪೆಟ್ಟೇ. ಕುರ್ಚಿಯಲ್ಲಿ ತಗ್ಗು ಕಂಡರೂ ಕೈ ಅದನ್ನು ತುಂಬಲು ಪುಟ್ಟಿ ಹುಡುಕುತ್ತದೆ. ಒಂದೊಂದೇ ಪದರ ಪುಟ್ಟಿ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚಿ, ಆರು ದಿನದಲ್ಲಿ ಆ ತಗ್ಗನ್ನು ಮುಚ್ಚಿ ಸಪಾಟು ಮಾಡಿದೆ. ನನ್ನ ಜೀವನದಲ್ಲಿ ಅಷ್ಟು ಚಂದದ ಪುಟ್ಟಿ ಕೆಲಸ ಅದಕ್ಕೂ ಮುಂಚೆ ಮಾಡಿರಲಿಲ್ಲ. ಕಣ್ಣು ಮುಚ್ಚಿ ದಸ್ತಿ ಹಾಸಿ ಸವರಿದೆ, ಎಲ್ಲೂ ತಡೆಯಲಿಲ್ಲ. ಉಸ್ತಾದರು ಬಂದು ಒರೆಸುತ್ತಾರೆ ಎಂದು ದಾರಿ ಕಾದೆ.

ಆ ತಗ್ಗು ಪೆಟ್ಟಲ್ಲ. ಆ ಗಾಡಿಯ ಅಂದವೇ ಅದು. ಮಾಡಿದವನು ಬೇಕೆಂದೇ ಇಟ್ಟ ತಗ್ಗು. ಬಲಗಡೆ ನುಜ್ಜಾಗಿದ್ದರಿಂದ ಅಲ್ಲಿಯೂ ಅಂಥದ್ದೇ ಇತ್ತು ಎಂದು ನನಗೆ ತಿಳಿಯಲಿಲ್ಲ. ಉಸ್ತಾದರು ಹೋಗುವ ಮೊದಲೇ ಆ ತಗ್ಗಿನ ಅಳತೆಗೆ ರಟ್ಟಿನ ಅಚ್ಚು ಕತ್ತರಿಸಿ ಕಪಾಟಿನಲ್ಲಿ ಇಟ್ಟಿದ್ದರು, ಬಲಗಡೆ ಮಾಡಲು ಬೇಕಾಗುತ್ತದೆ ಎಂದು. ಅದನ್ನು ದಿನಾ ನೋಡುತ್ತಿದ್ದೆ, ಏನು ಎಂದು ಒಬ್ಬರನ್ನೂ ಕೇಳಲಿಲ್ಲ. ಕೇಳಿದರೆ ಸಣ್ಣವನಾಗುತ್ತೇನೆ ಎಂಬ ವಯಸ್ಸು ಅದು.

ಉಸ್ತಾದರು ಬಂದ ಬೆಳಿಗ್ಗೆಯೇ ವಕೀಲ ಸಾಹೇಬರೂ ಬಂದರು, ಕಾಲೇಜು ಓದುತ್ತಿದ್ದ ಮಗಳು ಶಾಂತಾಬಾಯಿಯನ್ನೂ ಕರೆದುಕೊಂಡು. ಉಸ್ತಾದರ ಅಂಗೈ ಎಡಗಡೆ ಮೇಲೆ ಅರ್ಧಕ್ಕೆ ನಿಂತುಬಿಟ್ಟಿತು. ಅಷ್ಟರಲ್ಲಿ ಸಾಹೇಬರು ಹಿಂದೆ ಬಂದು ನಿಂತು, ಇದೇನು, ನನ್ನ ಗಾಡಿ ಯಾಕೆ ಡಬ್ಬಿಯ ಹಾಗೆ ಕಾಣುತ್ತಿದೆ ಎಂದು ದನಿ ಏರಿಸಿದರು. ಗ್ಯಾರೇಜಿನ ಅಷ್ಟೂ ಮಂದಿ ಕೆಲಸ ಬಿಟ್ಟು ನಿಂತರು.

“ತಪ್ಪಾತ್ರಿ ಸಾಹೇಬ್ರ,” ಎಂದರು ಉಸ್ತಾದರು. “ನನ್ನ ಕೈ ತಪ್ಪಿತು.”

ಈಗಿಂದೀಗ ತೆಗೆಯಿರಿ ಎಂದರು ಸಾಹೇಬರು, ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಉಸ್ತಾದರು ಉಳಿ, ಸುತ್ತಿಗೆ ತೆಗೆದುಕೊಂಡು ನಾನು ಆರು ದಿನ ಕಟ್ಟಿದ್ದನ್ನು ಒಂದೊಂದೇ ಚಕ್ಕೆ ಎಬ್ಬಿಸಿ ಕೆಡವಿದರು. ಅವರ ಬೆನ್ನು ಬೆವರಿನಿಂದ ತೋಯ್ದಿತ್ತು. ನಾನು ಬಾಯಿ ತೆರೆಯಲಿಲ್ಲ. ಸಾಹೇಬರು ಹೋದ ಮೇಲೆ ಯಾಕೆ ಹಾಗೆ ಹೇಳಿದಿರಿ ಎಂದು ಅಳುತ್ತ ಕೇಳಿದೆ.

“ನನ್ನ ಕೈ ಒಂದ ಸಲ ತಪ್ಪಿದ್ರ ಮಂದಿ ನಗ್ತಾರ, ಬಿಡ್ತಾರ,” ಎಂದರು. “ನಿನ್ನ ಕೈ ತಪ್ಪೇದ ಅಂದ್ರ ಇನ್ನ ಯಾರೂ ನಿನಗ ಗಾಡಿ ಮುಟ್ಟಗೊಡಂಗಿಲ್ಲ. ಹೋಗು, ಕಸ ಹೊಡಿ.”

ಮಂದಿ ನಕ್ಕರು, ಆದರೆ ಬಿಡಲಿಲ್ಲ. ನಾನೂ ಹೇಳಲಿಲ್ಲ. ಮೊದಲು ಕೆಲಸ ಹೋದೀತು ಎಂಬ ಭಯ, ಆಮೇಲೆ ಹೆಸರು ಹೋದೀತು ಎಂಬ ಭಯ. ರಂಗಂಪೇಟೆಯಲ್ಲಿ ನನ್ನ ಶೆಡ್ಡಿಗೆ ಜನ ಬಂದಿದ್ದೇ ಮೌಲಾಸಾಬರ ಕೈಯಲ್ಲಿ ಪಳಗಿದವನು ಎಂದು. ಅವರು ಮುಚ್ಚಿಟ್ಟ ತಪ್ಪಿನ ಮೇಲೆ ನಾನು ಮನೆ ಕಟ್ಟಿದೆ, ಮಕ್ಕಳ ಮದುವೆ ಮಾಡಿದೆ.

ನಡುವೆ ಕಸುಬು ಬದಲಾಯಿತು. ನಾವು ಬಣ್ಣ ಬೆರೆಸುತ್ತಿದ್ದದ್ದು ಕಣ್ಣಂದಾಜಿನಲ್ಲಿ. ಪ್ರತಿ ಗಾಡಿಯ ಬಣ್ಣ ಕೂಡಿದ ಮೇಲೆ ಉಸ್ತಾದರು ಶೆಡ್ಡಿನ ಬಾಗಿಲ ಒಳಮೈಗೆ ಒಂದು ಬೊಟ್ಟು ಹಚ್ಚಿ ಇಡುತ್ತಿದ್ದರು. ಮುಂದೆ ಅದೇ ಗಾಡಿ ಬಂದರೆ ನೋಡಿ ಬೆರೆಸಲು ಬೇಕಲ್ಲ. ಈಗ ಕಂಪ್ಯೂಟರಿಗೆ ನಂಬರು ಕೊಟ್ಟರೆ ಬಣ್ಣ ತಾನೇ ಕೂಡಿ ಬರುತ್ತದೆ. ಪದರಕ್ಕೆ ಒಂದೊಂದು ದಿನ ಹಿಡಿದು ಒಣಗುತ್ತಿದ್ದ ಪುಟ್ಟಿ ಅರ್ಧ ತಾಸಿಗೆ ಒಣಗುತ್ತದೆ. ಪೆಟ್ಟಾದ ಬಾಗಿಲನ್ನು ಬಡಿಯುವುದೇ ಇಲ್ಲ, ಬಿಚ್ಚಿ ಹೊಸದು ಹಾಕುತ್ತಾರೆ. ಅದಕ್ಕೆ ನಾನು ಗೊಣಗುವವನಲ್ಲ, ಒಳ್ಳೆಯದೇ ಆಯಿತು. ಒಂದು ಮಾತ್ರ ಕೇಳಿ: ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ನಾವು ಬೆಲ್ಲದ ಚೂರು ತಿಂದರೆ ಬಣ್ಣದ ಹೊಗೆ ಇಳಿದು ಹೋಗುತ್ತದೆ ಎಂದು ನಂಬಿದ್ದೆವು. ಹೋಗಲಿಲ್ಲ. ಮೂರು ವರ್ಷದ ಹಿಂದೆ ನನ್ನ ಎದೆಯ ಚಿತ್ರ ತೆಗೆದ ಡಾಕ್ಟರು ಇನ್ನು ಗನ್ ಮುಟ್ಟಬೇಡಿ ಎಂದರು. ಹಾರವಿಲ್ಲ, ಶಾಲಿಲ್ಲ, ಅದೇ ನನ್ನ ನಿವೃತ್ತಿ.

ಮನೆಯಲ್ಲಿ ಕೂತು ಗೋಡೆಯ ಏರಿಳಿತ ಸವರುತ್ತಿದ್ದೆ. ಆಗ ವಕೀಲರ ಮಗಳು ಶಾಂತಾಬಾಯಿ ಬಂದರು. ವಕೀಲ ಸಾಹೇಬರು ತೀರಿಕೊಂಡು ಬಹಳ ವರ್ಷವಾಗಿತ್ತು, ಗಾಡಿ ಯಾರ್ಯಾರದೋ ಕೈಗೆ ಹೋಗಿ ಪತ್ತೆ ಇರಲಿಲ್ಲ. ಬಾಯಿಯವರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ಕೈಯಲ್ಲಿ ಒಂದು ಸಣ್ಣ ರಟ್ಟಿನ ಪೆಟ್ಟಿಗೆ. ಒಳಗೆ ಗೇಣುದ್ದದ ಒಂದು ಗಾಡಿಯ ಮೈ, ರೆಸಿನ್ ಎಂಬ ಪ್ಲಾಸ್ಟಿಕ್ಕಿನಂಥ ವಸ್ತುವಿನಲ್ಲಿ ಎರಕ ಹೊಯ್ದದ್ದು. ಅಪ್ಪನ ಗಾಡಿಯದೇ ರೂಪ. ಹೊರದೇಶದ ಯಾರೋ ಹವ್ಯಾಸಿ ಮನೆಯಲ್ಲೇ ಮಾಡಿ ಮಾರುತ್ತಾರಂತೆ, ಟಪಾಲಿನಲ್ಲಿ ತರಿಸಿದ್ದರು. ಜೊತೆಗೆ ಗಾಲಿ, ಸೀಟು, ಪೆನ್ನಿನಷ್ಟು ದಪ್ಪದ ಒಂದು ಸ್ಪ್ರೇ ಗನ್.

“ಅಪ್ಪನ ಗಾಡಿ ಕೈಯಾರೆ ಮುಟ್ಟಿದವ್ರು ಈಗ ನೀವಿಬ್ಬರೇ ಉಳದೀರಿ,” ಎಂದರು. “ಉಸ್ತಾದ್ರಿಗಂತೂ ಕಣ್ಣು ಕಾಣಂಗಿಲ್ಲ. ನೀವು ಮಾಡಿಕೊಡ್ರಿ.”

ಪೆಟ್ಟಿಗೆಯಿಂದ ತೆಗೆದು ನೋಡಿದೆ. ಎಷ್ಟು ಒರಟು ಎಂದರೆ ಹರಕು ಬೂಟಿಗಿಂತ ಕಡೆ. ಅಚ್ಚಿನ ಸಂದಿಯಲ್ಲಿ ಹೊರಬಂದ ರೆಕ್ಕೆಗಳು, ಮೈತುಂಬ ಸೂಜಿ ಚುಚ್ಚಿದಂಥ ತೂತು, ಹಿಂಭಾಗ ಸೊಟ್ಟ. ಎಡಗಡೆ ತಿರುಗಿಸಿದೆ. ಗಾಲಿಯ ಹಿಂದೆ ಇರಬೇಕಾದ ಆ ತಗ್ಗು ಇರಲಿಲ್ಲ. ಎರಕದ ದೋಷದಿಂದ ಅಲ್ಲಿ ರೆಸಿನ್ ಗಡ್ಡೆಕಟ್ಟಿ ಸಪಾಟಾಗಿ ನಿಂತಿತ್ತು. ಬಲಗಡೆ ಮಾತ್ರ ಸರಿ ಇತ್ತು. ನಾನು ಕೆಳಗೆ ಕೂತುಬಿಟ್ಟೆ. ಶಾಂತಾಬಾಯಿ ನೀರು ಬೇಕೇ ಎಂದು ಕೇಳಿದರು. ಮಾಡುತ್ತೇನೆ, ಆದರೆ ಮುಗಿದ ದಿನ ನೀವು ಉಸ್ತಾದರ ಮನೆಗೇ ಬಂದು ತೆಗೆದುಕೊಳ್ಳಬೇಕು ಎಂದೆ. ಅಲ್ಲೇ, ಇಬ್ಬರ ಎದುರಿಗೇ ಹೇಳಿಬಿಡಬೇಕು ಎಂದು ಆ ಕ್ಷಣವೇ ತೀರ್ಮಾನಿಸಿದ್ದೆ.

ನಾಲ್ಕು ತಿಂಗಳು ಹಿಡಿಯಿತು. ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದೆ, ಎರಕದ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಸೊಟ್ಟಗಿದ್ದ ಹಿಂಭಾಗವನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ಒತ್ತಿ ಹಿಡಿದು, ತಣ್ಣೀರಿಗೆ ಹಾಕಿದೆ. ಉಜ್ಜಿದ್ದೆಲ್ಲ ನೀರಿನಲ್ಲೇ, ಡಾಕ್ಟರ ಮಾತು ಮೀರಿ ಗನ್ ಹಿಡಿದದ್ದು ಮಾಸ್ಕ್ ಹಾಕಿಕೊಂಡೇ. ಅಸ್ತರು, ಅಂದರೆ ಮೊದಲ ಬೂದು ಬಣ್ಣ, ತೆಳ್ಳಗೆ ಹೊಡೆದಾಗ ಕಾಣದಿದ್ದ ತೂತುಗಳೆಲ್ಲ ಕಂಡವು. ಒಂದೊಂದಕ್ಕೂ ಸೂಜಿಯ ಮೊನೆಯಿಂದ ಪುಟ್ಟಿ ತುಂಬಿದೆ. ಲಾರಿಗೆ ತಟ್ಟೆಗಟ್ಟಲೆ ಪುಟ್ಟಿ ಬಳಿದ ಮನುಷ್ಯ ನಾನು. ನನ್ನ ಹೆಂಡತಿ ನೋಡಿ, ಈ ವ್ಯವಧಾನ ಮಕ್ಕಳು ಸಣ್ಣವರಿದ್ದಾಗ ಎಲ್ಲಿತ್ತು ಎಂದಳು.

ಬಣ್ಣಕ್ಕೆ ಉಸ್ತಾದರ ಮನೆಗೆ ಹೋದೆ. ಹಳೆಯ ಗ್ಯಾರೇಜು ಕೆಡವಿದಾಗ ಅವರು ಆ ಶೆಡ್ಡಿನ ಬಾಗಿಲನ್ನು ತಂದು ತಮ್ಮ ಕಟ್ಟಿಗೆ ಕೋಣೆಗೆ ಹಾಕಿಸಿದ್ದರು. ನೂರಾರು ಬೊಟ್ಟುಗಳ ನಡುವೆ ವಕೀಲರ ಗಾಡಿಯ ಹಸಿರು ಬೊಟ್ಟು ಸಿಕ್ಕಿತು, ಆದರೆ ಮಂಕಾಗಿತ್ತು. ನೀರು ಹಚ್ಚಿ ನಯವಾದ ಪೇಪರಿನಿಂದ ಮೇಲಿನ ಪೊರೆ ತೆಗೆದೆ. ಅಡಿಯಲ್ಲಿ ಆವತ್ತಿನ ಹಸಿರು ಹಾಗೇ ಇತ್ತು. ಅದಕ್ಕೆ ಸರಿಯಾಗಿ ಕಣ್ಣಂದಾಜಿನಲ್ಲೇ ಬೆರೆಸಿದೆ. ಮೊದಲ ಸಲ ಬಸ್ಸಿಗೆ ಹೊಡೆದಂತೆ ಹೊಡೆದೆ, ಬಾಗಿಲಿನ ಗೆರೆಗಳೆಲ್ಲ ಬಣ್ಣದಲ್ಲಿ ಮುಳುಗಿಹೋದವು. ಪೂರ್ತಿ ತೆಗೆದು ಮತ್ತೆ ಮೊದಲಿನಿಂದ ಮಾಡಿದೆ. ಬೆಳ್ಳಿಯಂತೆ ಹೊಳೆಯುವ ಅಂಚುಗಳನ್ನು ಹೇಗೆ ಕೂಡಿಸುವುದು ಎಂದು ತಿಳಿಯದಿದ್ದಾಗ, ಸುರಪುರದಲ್ಲಿ ಚಿನ್ನದ ತೆಳು ರೇಕು ಹಚ್ಚಿ ಚಿತ್ರ ಬರೆಯುವವರೊಬ್ಬರು ಬೆಳ್ಳಿಯ ರೇಕನ್ನು ಉಸಿರು ಬಿಗಿಹಿಡಿದು ಇಳಿಸುವುದನ್ನು ಕಲಿಸಿಕೊಟ್ಟರು. ನನ್ನ ಎದೆಗೆ ಉಸಿರು ಹಿಡಿಯುವುದೇ ಕಷ್ಟ, ಆದರೂ ಕಲಿತೆ. ಅವರಿಗೆ ನಾನು ಋಣಿ.

ಎಡಗಡೆಯ ತಗ್ಗನ್ನು ಬಣ್ಣಕ್ಕೂ ಮೊದಲೇ ಕೊರೆದು ಮೂಡಿಸಿದ್ದೆ. ಈ ಸಲ ಬಲಗಡೆಯ ಅಳತೆಗೆ ರಟ್ಟಿನ ಅಚ್ಚು ಕತ್ತರಿಸಿಕೊಂಡು, ಸಣ್ಣ ಚಾಕುವಿನಿಂದ ಕೆರೆದು, ಪೇಪರು ಸುತ್ತಿದ ಕಡ್ಡಿಯಿಂದ ಉಜ್ಜಿದೆ. ಅಚ್ಚು ಸರಿಯಾಗಿ ಕೂತ ಮೇಲೂ ಮನಸ್ಸು ಒಪ್ಪಲಿಲ್ಲ. ಎಲ್ಲಾದರೂ ಇನ್ನೂ ತುಂಬಿಕೊಂಡಿದ್ದರೆ ಎಂದು ಮತ್ತೆ ಒಂದು ಕೈ ಉಜ್ಜಿದೆ, ಆಮೇಲೆ ಇನ್ನೊಂದು ಕೈ.

ಒಂದು ಶುಕ್ರವಾರ, ನಮಾಜು ಮುಗಿದ ಮೇಲೆ, ಯಾದಗಿರಿಯಲ್ಲಿ ಉಸ್ತಾದರ ಮನೆಯ ಪಡಸಾಲೆಯಲ್ಲಿ ಸೇರಿದೆವು. ಎಂಬತ್ತು ದಾಟಿದ ಉಸ್ತಾದರು ಹೊರಸಿನ ಮೇಲೆ ಕೂತಿದ್ದರು, ಹೆಗಲ ಮೇಲೆ ದಸ್ತಿ. ಶಾಂತಾಬಾಯಿ ಎದುರಿನ ಕುರ್ಚಿಯಲ್ಲಿ. ಗಾಡಿಯನ್ನು ಉಸ್ತಾದರ ಅಂಗೈಯಲ್ಲಿ ಇಡುವ ಮೊದಲೇ ನಾನು ಹೇಳಿಬಿಟ್ಟೆ, ಇಲ್ಲದಿದ್ದರೆ ಧೈರ್ಯ ಹೋಗುತ್ತಿತ್ತು.

“ಬಾಯಾರ, ಅವತ್ತು ನಿಮ್ಮಪ್ಪಾರ ಗಾಡಿಗಿ ಪುಟ್ಟಿ ತುಂಬಿದಾವ ನಾನ್ರಿ. ಉಸ್ತಾದ್ರು ಊರಾಗೇ ಇರಲಿಲ್ಲ. ನನ್ನ ತಪ್ಪು ಅವರು ಹೊತ್ತಾರ.”

ಶಾಂತಾಬಾಯಿ ಉಸ್ತಾದರ ಕಡೆ ನೋಡಿದರು. ಉಸ್ತಾದರು ನನ್ನ ಮಾತು ಕೇಳಿಸಲೇ ಇಲ್ಲ ಎನ್ನುವಂತೆ ಕೈ ಚಾಚಿದರು. ಗಾಡಿ ಇಟ್ಟೆ. ದಸ್ತಿಯ ತುದಿಯನ್ನು ಎರಡು ಬೆರಳಿಗೆ ಸುತ್ತಿಕೊಂಡು, ಈಗ ಮುಚ್ಚುವ ಅಗತ್ಯವಿಲ್ಲದ ಕಣ್ಣನ್ನೂ ಮುಚ್ಚಿಕೊಂಡು, ಮೂತಿಯಿಂದ ಶುರು ಮಾಡಿದರು. ಬಲಗಡೆ ಸವರಿದರು. ಎಡಗಡೆ ಬಂದರು. ಗಾಲಿಯ ಹಿಂದೆ ಬೆರಳು ನಿಂತಿತು.

“ಎಡಗಡಿ ಒಂದ ಕೂದಲ ಹೆಚ್ಚು ತಗದೀ,” ಎಂದರು. “ಅಂಜಿ ತಗದೀ.”

ಹೌದು ಎಂದೆ. ನನಗೆ ಗೊತ್ತಿತ್ತು, ಆದರೆ ಒಪ್ಪಿಕೊಂಡಿರಲಿಲ್ಲ. ಕೊಡಿ, ತುಂಬಿ ಸರಿ ಮಾಡಿ ತರುತ್ತೇನೆ ಎಂದು ಕೈ ಚಾಚಿದೆ. ಅವರು ಗಾಡಿಯನ್ನು ಎದೆಗೆ ಒತ್ತಿ ಹಿಡಿದರು.

“ಮುಟ್ಟಬ್ಯಾಡ. ಆ ಗಾಡಿನೂ ಹಿಂಗೇ ಇತ್ತು,” ಎಂದರು. “ಸಾಹೇಬ್ರು ಹಿಂದ ಕುಂತಿದ್ರು. ನಾನೂ ಅಂಜಿದ್ದೆ. ಪುಟ್ಟಿ ಎಬ್ಬಸೂವಾಗ ಪೆಟ್ಟು ಜೋರ ಆಗಿ ತಗಡು ಒಳಗ ಹೋತು. ಯಾರಿಗೂ ಕಾಣಲಿಲ್ಲ, ನಾನೂ ಹೇಳಲಿಲ್ಲ. ಮಂದಿ ಅನ್ನೋದು ಸುಳ್ಳಲ್ಲೋ ಭೀಮ್ಯಾ. ನನ್ನ ಕೈ ತಪ್ಪಿದ್ದು ಖರೇನ ಅದ.”

ಶಾಂತಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಉಸ್ತಾದರ ಪಾದ ಹಿಡಿದುಕೊಂಡು ಮುದುಕನೆಂಬ ನಾಚಿಕೆ ಇಲ್ಲದೆ ಅತ್ತೆ. ಉಸ್ತಾದರು ದಸ್ತಿ ಝಾಡಿಸಿದರು. ಮೂತಿಯಿಂದ ಹಿಂಭಾಗದವರೆಗೆ ಗಾಡಿಯನ್ನು ಒಮ್ಮೆ ಒರೆಸಿದರು. ಬಾಯಿಯವರು ಅದನ್ನು ಮನೆಗೆ ಒಯ್ಯಲಿಲ್ಲ. ನಿಮ್ಮ ಹತ್ತಿರವೇ ಇರಲಿ, ನಾನು ಬಂದು ನೋಡುತ್ತೇನೆ ಎಂದರು. ಈಗ ಅದು ಆ ಮನೆಯ ಗೋಡೆಯ ಗೂಡಿನಲ್ಲಿದೆ, ಉಸ್ತಾದರ ಕೈಗೆ ಎಟುಕುವ ಎತ್ತರದಲ್ಲಿ.

ಅವರು ಹೇಳಿದ್ದು ನಿಜವೋ, ಇಲ್ಲ ನಲವತ್ತು ವರ್ಷದ ಮೇಲೆ ಮತ್ತೊಮ್ಮೆ ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರೋ ನನಗೆ ಗೊತ್ತಿಲ್ಲ. ವಕೀಲರ ಗಾಡಿ ಎಲ್ಲಿದೆಯೋ, ಹುಡುಕಿ ಹೋಗಿ ಎಡಗಡೆ ಸವರಿ ನೋಡುವ ಹಾಗಿಲ್ಲ. ಕೇಳಿದರೆ ಉಸ್ತಾದರು ಎರಡನೇ ಸಲ ಹೇಳುವವರಲ್ಲ. ಹೋದ ವಾರ ನೋಡಲು ಹೋದಾಗ ಗೂಡಿನಲ್ಲಿದ್ದ ಗಾಡಿಯ ಮೇಲೆ ಸ್ವಲ್ಪ ದೂಳು ಕೂತಿತ್ತು. ಒರೆಸೋಣ ಎಂದು ಕೈ ಎತ್ತಿದೆ, ಹಾಗೇ ಇಳಿಸಿದೆ. ಉಸ್ತಾದರು ಒರೆಸಿದ ಗಾಡಿಗೆ ಆಮೇಲೆ ಯಾರೂ ಕೈ ಹಚ್ಚಬಾರದು.